ದೊಡ್ಡ ಏರ್‌ಪೋರ್ಟಿನಲ್ಲಿ ಟರ್ಮಿನಲ್ ಬದಲಿಸಿ ಮುಂದಿನ ವಿಮಾನ ಹಿಡಿಯುವುದು: ಕೊಡಗಿನಿಂದ ಹೊರಡುವವರಿಗೆ ಹಂತ ಹಂತದ ಮಾಹಿತಿ

‘ದುಬೈಯಲ್ಲಿ ಎರಡು ಗಂಟೆ ಸಾಕಾ?’ ‘ಲಗೇಜ್ ಮಧ್ಯದಲ್ಲಿ ನಾವೇ ತಗೋಬೇಕಾ?’ ‘ಅಮ್ಮ ಒಬ್ಬರೇ ಬರ್ತಿದ್ದಾರೆ, ಟರ್ಮಿನಲ್ ಬದಲಿಸೋದು ಗೊತ್ತಾಗುತ್ತಾ?’ ಮಕ್ಕಳು ಹೊರದೇಶದಲ್ಲಿರುವ ಮನೆಗಳಿಂದ, ಓದಲು ಹೊರಟ ಹುಡುಗ ಹುಡುಗಿಯರಿಂದ, ಗಲ್ಫ್‌ಗೆ ಹೋಗುವವರಿಂದ ಬರುವ ಪ್ರಶ್ನೆಗಳು ಇವೇ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಟರ್ಮಿನಲ್ ಅಂದರೆ ಏರ್‌ಪೋರ್ಟಿನಲ್ಲಿ ಪ್ರಯಾಣಿಕರು ಹತ್ತಿ ಇಳಿಯುವ ಕಟ್ಟಡ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕನೆಕ್ಟಿಂಗ್ ಫ್ಲೈಟ್ ಕೈತಪ್ಪಿದವರ ಕಥೆ ಕೇಳಿದರೆ, ಹೆಚ್ಚಿನವರ ತೊಂದರೆ ಟಿಕೆಟ್ ಮಾಡಿಸಿದ ದಿನವೇ ಶುರುವಾಗಿರುತ್ತದೆ. ಆ ದಿನ ಅರ್ಧ ಗಂಟೆ ಜಾಸ್ತಿ ಕೂತು ನೋಡಿದರೆ ಏರ್‌ಪೋರ್ಟಿನಲ್ಲಿ ಓಡುವುದು ತಪ್ಪುತ್ತದೆ. ಅದಕ್ಕೇ ಈ ಲೇಖನದ ಅರ್ಧದಷ್ಟು ಮನೆಯಲ್ಲೇ ಮಾಡಬೇಕಾದ ಕೆಲಸದ ಬಗ್ಗೆ ಇದೆ.

ಕೈಯಲ್ಲಿ ಇರಬೇಕಾದದ್ದು ಇಷ್ಟು: ಪಾಸ್‌ಪೋರ್ಟ್, ತಲುಪುವ ದೇಶದ ವೀಸಾ, ಮಧ್ಯದ ದೇಶಕ್ಕೆ ವೀಸಾ ಬೇಕಿದ್ದರೆ ಅದು, ಪೂರ್ತಿ ಪ್ರಯಾಣದ ಟಿಕೆಟ್, ಉಳಿದುಕೊಳ್ಳುವ ಮನೆಯ ವಿಳಾಸ. ಎಲ್ಲದರ ಪ್ರಿಂಟ್ ಇರಲಿ. ಫೋನಿನಲ್ಲಿ ಇದೆ ಅಂತ ಸುಮ್ಮನಿರಬೇಡಿ. ಚಾರ್ಜ್ ಮುಗಿಯುತ್ತದೆ, ಹೊರದೇಶದಲ್ಲಿ ನೆಟ್ ಇರುವುದಿಲ್ಲ.

ಹಂತ 1: ಟಿಕೆಟ್ ಒಂದಾ, ಎರಡಾ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು.

ಬೆಂಗಳೂರು–ದುಬೈ, ದುಬೈ–ಮ್ಯಾಂಚೆಸ್ಟರ್ ಎರಡೂ ಒಂದೇ ಟಿಕೆಟ್‌ನಲ್ಲಿ ಇದ್ದರೆ ನಿಮ್ಮನ್ನು ಮ್ಯಾಂಚೆಸ್ಟರ್‌ಗೆ ತಲುಪಿಸುವ ಹೊಣೆ ವಿಮಾನ ಸಂಸ್ಥೆಯದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಅವರೇ ಮುಂದಿನ ವಿಮಾನದಲ್ಲಿ ಸೀಟು ಕೊಡಬೇಕು. ಲಗೇಜ್ ಕೂಡ ಸಾಮಾನ್ಯವಾಗಿ ನೇರ ಮ್ಯಾಂಚೆಸ್ಟರ್‌ಗೇ ಹೋಗುತ್ತದೆ.

ಎರಡು ಬೇರೆ ಬೇರೆ ಟಿಕೆಟ್ ಆದರೆ ಲೆಕ್ಕವೇ ಬೇರೆ. ಎರಡನೆಯ ವಿಮಾನದವರ ಕಣ್ಣಿಗೆ ನೀವು ದುಬೈಯಲ್ಲೇ ಇರುವ ಒಬ್ಬ ಪ್ರಯಾಣಿಕ, ಅಷ್ಟೇ. ನೀವು ತಡವಾಗಿ ಹೋದರೆ ಆ ಟಿಕೆಟ್ ಹೋದಂತೆಯೇ. ಲಗೇಜನ್ನು ನೀವೇ ತೆಗೆದುಕೊಂಡು, ಹೊರಗೆ ಬಂದು, ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಹೊರಗೆ ಬರಬೇಕೆಂದರೆ ಆ ದೇಶದ ವೀಸಾ ಬೇಕಾಗಬಹುದು.

ಗೊತ್ತುಮಾಡಿಕೊಳ್ಳುವುದು ಹೇಗೆ? ಟಿಕೆಟ್ ಮೇಲೆ ಪಿಎನ್‌ಆರ್ ಅಂತ ಆರು ಅಕ್ಷರ-ಅಂಕಿಗಳ ಬುಕಿಂಗ್ ಗುರುತು ಇರುತ್ತದೆ. ಅದನ್ನು ಮಾತ್ರ ನೋಡಿದರೆ ಸಾಲದು. ಎರಡು ಸಂಸ್ಥೆಗಳು ಸೇರಿ ಒಂದೇ ಟಿಕೆಟ್ ಕೊಟ್ಟಾಗಲೂ ಒಬ್ಬೊಬ್ಬರದ್ದು ಒಂದೊಂದು ಪಿಎನ್‌ಆರ್ ಇರಬಹುದು. ಬುಕಿಂಗ್ ವೆಬ್‌ಸೈಟ್‌ಗಳು ಎರಡು ಟಿಕೆಟ್ ಜೋಡಿಸಿ ತಮ್ಮದೇ ಒಂದು ನಂಬರ್ ಕೊಡುವುದೂ ಉಂಟು. ನಂಬಬಹುದಾದ ಗುರುತು ಇ-ಟಿಕೆಟ್ ನಂಬರ್. ಅದರಲ್ಲಿ 13 ಅಂಕಿ ಇರುತ್ತವೆ. ಒಬ್ಬ ಪ್ರಯಾಣಿಕರ ಇಡೀ ಪ್ರಯಾಣಕ್ಕೆ ಒಂದೇ ಇ-ಟಿಕೆಟ್ ನಂಬರ್ ಇದ್ದರೆ ಅದು ಒಂದೇ ಟಿಕೆಟ್.

ವೆಬ್‌ಸೈಟ್‌ನಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಅಂತ ಸಣ್ಣ ಅಕ್ಷರದಲ್ಲಿ ಕಂಡರೆ ಅಲ್ಲೇ ನಿಲ್ಲಿ. ವಿಮಾನ ಬದಲಿಸುವ ಪೂರ್ತಿ ಹೊಣೆ ನಿಮ್ಮದೇ ಅಂತ ಅದರ ಅರ್ಥ. ಐದಾರು ಸಾವಿರ ರೂಪಾಯಿ ಕಡಿಮೆ ಅಂತ ಇಂಥ ಟಿಕೆಟ್ ಕೊಳ್ಳಬೇಡಿ. ಮೊದಲ ಸಲ ಹೋಗುವವರಿಗೆ, ವಯಸ್ಸಾದವರಿಗೆ ಖಂಡಿತ ಬೇಡ.

ಇಲ್ಲೇ ಇನ್ನೆರಡು ವಿಷಯ ನೋಡಿಕೊಳ್ಳಿ. ಒಂದು, ಇಳಿಯುವ ಏರ್‌ಪೋರ್ಟ್ ಮತ್ತು ಮತ್ತೆ ಹತ್ತುವ ಏರ್‌ಪೋರ್ಟ್ ಎರಡೂ ಒಂದೇನಾ? ಲಂಡನ್ನಿನಲ್ಲಿ ಹೀಥ್ರೂ ಇದೆ, ಗ್ಯಾಟ್‌ವಿಕ್ ಇದೆ. ಪ್ಯಾರಿಸ್‌ನಲ್ಲಿ ಶಾರ್ಲ್ ದ ಗಾಲ್ ಇದೆ, ಓರ್ಲಿ ಇದೆ. ಇಸ್ತಾಂಬುಲ್‌ನಲ್ಲೂ ಎರಡಿವೆ. ಗೋವಾದಲ್ಲಿ ದಾಬೋಲಿಂ ಜೊತೆಗೆ ಮೋಪಾ ಬಂದಿದೆ. ಮುಂಬೈಗೆ ಈಗ ನವಿ ಮುಂಬೈ ಸೇರಿದೆ. ಊರಿನ ಹೆಸರು ಒಂದೇ ಅಂತ ಮೋಸ ಹೋಗಬೇಡಿ. ಹೆಸರಿನ ಪಕ್ಕದ ಮೂರಕ್ಷರದ ಕೋಡ್ ಹೊಂದಿಸಿ ನೋಡಿ. ಬೆಂಗಳೂರಿಗೆ ಬಿ ಎಲ್ ಆರ್, ದುಬೈಗೆ ಡಿ ಎಕ್ಸ್ ಬಿ, ಹೀಥ್ರೂಗೆ ಎಲ್ ಎಚ್ ಆರ್.

ಎರಡು, ಟಿಕೆಟ್ ಮೇಲಿನ ಸಮಯವೆಲ್ಲ ಆಯಾ ಊರಿನದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಸಮಯದ ಪಕ್ಕ ‘+1’ ಇದ್ದರೆ ಮರುದಿನ ಅಂತ ಅರ್ಥ. ನಡುರಾತ್ರಿ 12 ದಾಟಿದ ಮೇಲೆ ಹೊರಡುವ ವಿಮಾನಕ್ಕೆ ಒಂದು ದಿನ ತಡವಾಗಿ ಹೋಗಿ ನಿಂತವರಿದ್ದಾರೆ. 15ನೇ ತಾರೀಕು ರಾತ್ರಿ 1.30ರ ವಿಮಾನ ಅಂದರೆ ನೀವು ಮನೆ ಬಿಡಬೇಕಾದದ್ದು 14ರಂದು.

ಹಂತ 2: ಮಧ್ಯೆ ಎಷ್ಟು ಸಮಯ ಬೇಕು

ಪ್ರತಿ ಏರ್‌ಪೋರ್ಟಿಗೂ ‘ಮಿನಿಮಮ್ ಕನೆಕ್ಟಿಂಗ್ ಟೈಮ್’ ಅಂತ ಒಂದು ಲೆಕ್ಕ ಇದೆ. ಒಂದು ವಿಮಾನದಿಂದ ಇಳಿದು ಇನ್ನೊಂದು ಹತ್ತಲು ಬೇಕಾದ ಕನಿಷ್ಠ ಸಮಯ ಅದು. ಟರ್ಮಿನಲ್ ಬದಲಾದರೆ ಅದೂ ಹೆಚ್ಚುತ್ತದೆ. ಒಂದೇ ಟಿಕೆಟ್ ಆಗಿದ್ದರೆ ಇದಕ್ಕಿಂತ ಕಡಿಮೆ ಅಂತರದ ವಿಮಾನಗಳನ್ನು ಸಂಸ್ಥೆಗಳು ಜೋಡಿಸಿ ಮಾರುವುದಿಲ್ಲ. ಆದರೆ ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದರೆ ಮಾತ್ರ ಆ ಲೆಕ್ಕ ಸರಿಹೋಗುತ್ತದೆ. ಮೊಣಕಾಲು ನೋವಿರುವ ಅಜ್ಜಿಯ ನಡಿಗೆ ಅದರಲ್ಲಿ ಸೇರಿಲ್ಲ.

ನಾನು ಹೇಳುವ ಲೆಕ್ಕ ಸ್ವಲ್ಪ ಧಾರಾಳ. ಒಂದೇ ಟಿಕೆಟ್, ಒಂದೇ ಟರ್ಮಿನಲ್ ಆದರೆ ಎರಡು ಗಂಟೆ. ಟರ್ಮಿನಲ್ ಬದಲಾದರೆ ಮೂರು. ಮಧ್ಯದಲ್ಲಿ ಇಮಿಗ್ರೇಷನ್ (ಪಾಸ್‌ಪೋರ್ಟ್ ತಪಾಸಣೆ) ಮುಗಿಸಿ ಲಗೇಜ್ ತೆಗೆದು ಮತ್ತೆ ಹಾಕಬೇಕಾದರೆ ನಾಲ್ಕು. ಎರಡು ಟಿಕೆಟ್ ಆದರೆ ಆರು ಗಂಟೆಗೂ ಮೇಲೆ, ಸಾಧ್ಯವಾದರೆ ಒಂದು ರಾತ್ರಿ ಉಳಿದು ಹೋಗಿ. ವಯಸ್ಸಾದವರಿದ್ದರೆ, ಸಣ್ಣ ಮಕ್ಕಳಿದ್ದರೆ ಇದಕ್ಕೆ ಇನ್ನೊಂದು ಗಂಟೆ ಸೇರಿಸಿ. ಏರ್‌ಪೋರ್ಟಿನಲ್ಲಿ ಕೂತು ಕಾಯುವುದು ಬೇಜಾರು ನಿಜ. ಆದರೆ ವಿಮಾನ ತಪ್ಪಿದರೆ ಆಗುವ ಸಂಕಟಕ್ಕೆ ಹೋಲಿಸಿದರೆ ಏನೂ ಅಲ್ಲ.

ಹಂತ 3: ಮಧ್ಯದ ದೇಶಕ್ಕೂ ವೀಸಾ ಬೇಕಾ?

ಏರ್‌ಪೋರ್ಟ್ ಅಂದರೆ ಎರಡು ಭಾಗ. ಸೆಕ್ಯುರಿಟಿ ದಾಟಿದ ಮೇಲಿನದು ಒಳಭಾಗ, ಅದನ್ನು ಏರ್‌ಸೈಡ್ ಅನ್ನುತ್ತಾರೆ. ಇಮಿಗ್ರೇಷನ್ ದಾಟಿ ಹೊರಬಂದರೆ ಸಿಗುವುದು ಹೊರಭಾಗ, ಅಂದರೆ ಲ್ಯಾಂಡ್‌ಸೈಡ್. ಒಳಭಾಗದಲ್ಲೇ ಇದ್ದು ವಿಮಾನ ಬದಲಿಸಿದರೆ ದುಬೈ, ದೋಹಾ, ಅಬುಧಾಬಿ, ಸಿಂಗಾಪುರದಲ್ಲಿ ನಮ್ಮವರಿಗೆ ವೀಸಾ ಬೇಕಿಲ್ಲ.

ಬ್ರಿಟನ್ ಹಾಗಲ್ಲ. ಹೀಥ್ರೂವಿನ ಒಳಭಾಗದಲ್ಲೇ ಉಳಿದರೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಟ್ರಾನ್ಸಿಟ್ ವೀಸಾ ಬೇಕು. ಟ್ರಾನ್ಸಿಟ್ ವೀಸಾ ಅಂದರೆ ಆ ದೇಶದ ಮೂಲಕ ಹಾದುಹೋಗಲು ಮಾತ್ರ ಕೊಡುವ ಅನುಮತಿ. ಅಮೆರಿಕ, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ವೀಸಾ ಇದ್ದವರಿಗೆ ಕೆಲವು ಷರತ್ತುಗಳ ಮೇಲೆ ವಿನಾಯಿತಿ ಇದೆ. ಅಮೆರಿಕದಲ್ಲಿ ಸುಮ್ನೆ ಹಾದುಹೋಗುವುದಕ್ಕೂ ವೀಸಾ ಬೇಕೇ ಬೇಕು, ಅಲ್ಲಿ ಎಲ್ಲರೂ ಇಮಿಗ್ರೇಷನ್ ದಾಟಲೇಬೇಕು. ಯುರೋಪಿನಲ್ಲಿ ಒಂದೊಂದು ದೇಶದ್ದು ಒಂದೊಂದು ನಿಯಮ, ಅದೂ ಬದಲಾಗುತ್ತಿರುತ್ತದೆ. ಟಿಕೆಟ್ ಮಾಡಿಸುವ ವಾರವೇ ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. ಏಜೆಂಟ್ ‘ಏನೂ ಬೇಡ’ ಅಂದರೆ ಅದನ್ನು ಬರಹದಲ್ಲಿ ಕೇಳಿ. ವೀಸಾ ಇಲ್ಲ ಅಂತ ತಡೆಯುವುದು ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲೇ. ಅಲ್ಲಿಂದ ಮನೆಗೆ ವಾಪಸ್ ಬರಬೇಕಾಗುತ್ತದೆ.

ಹಂತ 4: ಮನೆಯಿಂದ ಬೆಂಗಳೂರು, ಇದೇ ಮೊದಲ ಕನೆಕ್ಷನ್

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ. ಎಲ್ಲವೂ ರಸ್ತೆ ಮೇಲೆ. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಆದರೆ ಏರ್‌ಪೋರ್ಟ್ ಇರುವುದು ಊರಿನ ಆ ಕಡೆ, ದೇವನಹಳ್ಳಿ ಹತ್ತಿರ. ನಾವು ಮೈಸೂರು ಕಡೆಯಿಂದ ಬರುವವರು ಇಡೀ ಬೆಂಗಳೂರನ್ನು ದಾಟಬೇಕು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮೈಸೂರು–ಬೆಂಗಳೂರು ಬೇಗ ಮುಗಿಯುತ್ತದೆ. ಆದರೆ ಕೆಂಗೇರಿಯಿಂದ ಮುಂದಕ್ಕೆ ಎಷ್ಟು ಹೊತ್ತು ಅಂತ ಯಾರೂ ಹೇಳಲಾರರು. ಸಂಜೆ ಹೊತ್ತು ಅಲ್ಲಿಂದ ಏರ್‌ಪೋರ್ಟಿಗೆ ಮೂರು ಗಂಟೆ ಬೇಕು ಅಂತಲೇ ಲೆಕ್ಕ ಹಾಕಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಇನ್ನೂ ಎಚ್ಚರ ವಹಿಸಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ನಾವು ಯಾರೂ ಮರೆತಿಲ್ಲ. ಮಂಗಳೂರು ಏರ್‌ಪೋರ್ಟ್ ನಂಬಿಕೊಂಡವರಿಗೆ ಆ ಘಾಟಿಯೇ ದಾರಿ. ವಿರಾಜಪೇಟೆ ಕಡೆಯವರಿಗೆ ಕಣ್ಣೂರು ಏರ್‌ಪೋರ್ಟ್ ತುಂಬಾ ಹತ್ತಿರ. 2018ರ ಡಿಸೆಂಬರ್‌ನಲ್ಲಿ ಶುರುವಾದ ಅದು ಮಟ್ಟನ್ನೂರಿನಲ್ಲಿದೆ, ಗಲ್ಫ್‌ಗೆ ಅಲ್ಲಿಂದಲೇ ವಿಮಾನಗಳಿವೆ. ಆದರೆ ಅಲ್ಲಿಗೆ ಹೋಗುವ ಮಾಕುಟ್ಟ ರಸ್ತೆ ಮಳೆಗೆ ಕುಸಿಯುವ ರಸ್ತೆ. ತಿತಿಮತಿ ಮೇಲೆ ಹುಣಸೂರಿಗೆ ಹೋಗುವವರು ಬೆಳಗಿನ ಜಾವ ಆನೆ ಅಡ್ಡ ಬರುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ನನ್ನ ಸಲಹೆ ಇಷ್ಟು. ಮಳೆಗಾಲದಲ್ಲಿ ಹಿಂದಿನ ದಿನವೇ ಹೊರಟು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನೆಂಟರ ಮನೆಯಲ್ಲಿ ಮಲಗಿ. ಉಳಿದ ಕಾಲದಲ್ಲೂ ವಿಮಾನಕ್ಕೆ ಹನ್ನೆರಡು ಗಂಟೆ ಮುಂಚೆ ಮಡಿಕೇರಿ ಬಿಡಿ. ಸ್ವಂತ ಗಾಡಿ ಇಲ್ಲದವರಿಗೆ ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಏರ್‌ಪೋರ್ಟಿಗೇ ಹೋಗುತ್ತದೆ. ಊರು ದಾಟುವ ತಲೆನೋವು ಡ್ರೈವರ್‌ಗೆ ಬಿಟ್ಟು ನೀವು ಕೂತಿರಬಹುದು.

ಕರೆಂಟ್ ವಿಷಯವೂ ಇದೆ. ಜೋರು ಮಳೆಯಲ್ಲಿ ಮನೆಗೆ ಎರಡು ದಿನ ಕರೆಂಟೂ ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ ಅನ್ನುವುದು ನಮ್ಮಲ್ಲಿ ಮಾಮೂಲು. ವೆಬ್ ಚೆಕ್-ಇನ್ ಕೊನೆಯ ರಾತ್ರಿ ಮನೆಯಲ್ಲೇ ಮಾಡುತ್ತೇನೆ ಅಂದುಕೊಳ್ಳಬೇಡಿ. ಟಿಕೆಟ್ ಪ್ರಿಂಟನ್ನು ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ದಿನ ಮುಂಚೆಯೇ ತೆಗೆಸಿ. ವಿಮಾನದ ಸಮಯ ಬದಲಾದರೆ ಮೆಸೇಜ್ ಬರುವುದು ಟಿಕೆಟ್‌ನಲ್ಲಿ ಕೊಟ್ಟ ನಂಬರಿಗೆ. ಅದು ಏಜೆಂಟನ ನಂಬರೋ ನಿಮ್ಮದೋ ನೋಡಿಕೊಳ್ಳಿ. ಸಿಗ್ನಲ್ ಚೆನ್ನಾಗಿ ಸಿಗುವ ಊರಿನಲ್ಲಿರುವ ಮಗನ ನಂಬರೋ ಮಗಳ ನಂಬರೋ ಕೊಡುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್ 12ರಿಂದ ಟರ್ಮಿನಲ್ 2ರಿಂದ ಹೊರಡುತ್ತಿವೆ. ಟ್ಯಾಕ್ಸಿಯವರಿಗೆ ಮೊದಲೇ ಹೇಳಿ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಬೆಂಗಳೂರಿಗೆ ಹಾರಿ ಬರುವವರು ಟರ್ಮಿನಲ್ 1ರಲ್ಲಿ ಇಳಿಯಬೇಕಾಗಬಹುದು. ಆಗ ಹೊರಗೆ ಬಂದು ಶಟಲ್ ಬಸ್ ಹಿಡಿದು 2ಕ್ಕೆ ಹೋಗಬೇಕು. ನಿಮ್ಮ ಟರ್ಮಿನಲ್ ಬದಲಾವಣೆ ನಮ್ಮ ರಾಜ್ಯದಲ್ಲೇ ಶುರುವಾಗುತ್ತದೆ ಅಂದ ಹಾಗಾಯ್ತು.

ಹಂತ 5: ಯಾವುದು ಯಾವ ಬ್ಯಾಗಿಗೆ

ವಿಮಾನ ಬದಲಿಸುವ ಕಡೆ ಹೆಚ್ಚಾಗಿ ಮತ್ತೊಮ್ಮೆ ಸೆಕ್ಯುರಿಟಿ ಚೆಕ್ ಇರುತ್ತದೆ. ಬೆಂಗಳೂರಿನಲ್ಲಿ ಬಿಟ್ಟದ್ದನ್ನು ಅಲ್ಲಿ ಬಿಡುತ್ತಾರೆ ಅಂತ ಇಲ್ಲ.

ದ್ರವ ಪದಾರ್ಥ ಕೈಚೀಲದಲ್ಲಿ 100 ಮಿ.ಲೀ. ಮೀರಬಾರದು ಅನ್ನುವುದು ಸಾಮಾನ್ಯ ನಿಯಮ. ಜೇನು, ಕಾಚಂಪುಳಿ, ಎಣ್ಣೆ ಇರುವ ಉಪ್ಪಿನಕಾಯಿ ಎಲ್ಲ ಇದರಲ್ಲಿ ಬರುತ್ತವೆ. ಮೂರು ಪದರ ಕವರ್ ಹಾಕಿ ದೊಡ್ಡ ಸೂಟ್‌ಕೇಸಿಗೆ ಸೇರಿಸಿ. ಡ್ಯೂಟಿ ಫ್ರೀ ಅಂಗಡಿಯಲ್ಲಿ ಬಾಟಲಿ ಕೊಂಡರೆ ಅವರು ಸೀಲ್ ಮಾಡಿದ ಕವರಿನಲ್ಲಿ ಕೊಡುತ್ತಾರೆ. ಕೊನೆಯ ಊರು ತಲುಪುವವರೆಗೆ ಅದನ್ನು ಬಿಚ್ಚಬೇಡಿ, ಒಳಗಿನ ಬಿಲ್ಲನ್ನೂ ತೆಗೆಯಬೇಡಿ.

ಕಾಫಿ ಪುಡಿಗೆ ತೊಂದರೆ ಇಲ್ಲ. ಆದರೆ ಅಮೆರಿಕದ ವಿಮಾನ ಹತ್ತುವಾಗ ಕೈಚೀಲದಲ್ಲಿ 350 ಮಿ.ಲೀ. ಅಳತೆಗಿಂತ ಜಾಸ್ತಿ ಪುಡಿ ಇದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ, ಹೊತ್ತು ಹೋಗುತ್ತದೆ. ಅದೂ ಸೂಟ್‌ಕೇಸಿಗೇ ಹೋಗಲಿ. ಪಂದಿ ಕರಿ, ಒಣಗಿಸಿದ ಮಾಂಸ ಬೇಡ. ಅಮೆರಿಕ, ಬ್ರಿಟನ್, ಯುರೋಪ್, ಆಸ್ಟ್ರೇಲಿಯ ಯಾವುದೂ ಮಾಂಸದ ಪದಾರ್ಥ ಒಳಗೆ ಬಿಡುವುದಿಲ್ಲ.

ಮದುವೆಗೆ ಅಂತ ಕುಪ್ಯ ಚೇಲೆ ಒಯ್ಯುವವರು ಪೀಚೆಕತ್ತಿಯನ್ನು ಕೈಚೀಲದಲ್ಲಿ ಇಡಲೇಬಾರದು. ಎಷ್ಟೇ ಹಳೆಯದಾಗಿರಲಿ, ಬೆಳ್ಳಿಯದಾಗಿರಲಿ, ಸೆಕ್ಯುರಿಟಿಯವರಿಗೆ ಅದು ಕತ್ತಿಯೇ. ಸೂಟ್‌ಕೇಸಿಗೆ ಹಾಕುವ ಮುಂಚೆಯೂ ತಲುಪುವ ದೇಶದ ನಿಯಮ ಕೇಳಿಕೊಳ್ಳಿ. ಮನೆತನದ ವಸ್ತು, ಸುಮ್ನೆ ಕಳೆದುಕೊಳ್ಳುವುದು ಬೇಡ.

ಈಗ ಹೇಳುವುದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ದುಬೈ, ಅಬುಧಾಬಿ ಇರುವ ಯುಎಇಯಲ್ಲಿ ಗಸಗಸೆ ನಿಷಿದ್ಧ. ಪಾಯಸಕ್ಕೆ ಅಂತ ಇಟ್ಟ ಸಣ್ಣ ಪೊಟ್ಟಣವೂ ಅಲ್ಲಿ ಮಾದಕ ವಸ್ತುವಿನ ಕೇಸು. ಅಡುಗೆ ಸಾಮಾನಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿ. ನೋವಿನ ಮಾತ್ರೆಗಳಲ್ಲೂ ಟ್ರಮಡಾಲ್, ಕೊಡೀನ್ ಇರುವವಕ್ಕೆ ಅಲ್ಲಿ ಕಟ್ಟುನಿಟ್ಟು ಇದೆ. ಡಾಕ್ಟರ ಚೀಟಿ ಇಲ್ಲದೆ, ಅಲ್ಲಿನ ಅನುಮತಿ ಕೇಳಿಕೊಳ್ಳದೆ ಒಯ್ಯಬೇಡಿ. ಬೇರೆಯವರು ‘ಅಲ್ಲಿ ನಮ್ಮವರಿಗೆ ಕೊಡಿ’ ಅಂತ ಕೊಟ್ಟ ಕಟ್ಟನ್ನು ಬಿಚ್ಚಿ ನೋಡದೆ ತಗೊಳ್ಳಬೇಡಿ, ಎಷ್ಟೇ ಹತ್ತಿರದವರಾಗಿರಲಿ.

ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. ಎರಡು ದಿನಕ್ಕಾಗುವಷ್ಟು ಮಾತ್ರೆ, ಒಂದು ಜೊತೆ ಬಟ್ಟೆ, ಸ್ವೆಟರ್ ಕೂಡ ಕೈಚೀಲದಲ್ಲಿ ಇರಲಿ. ಸೂಟ್‌ಕೇಸ್ ತಡವಾಗಿ ಬಂದರೆ ಉಪಯೋಗಕ್ಕೆ ಬರುತ್ತದೆ.

ಹಂತ 6: ಚೆಕ್-ಇನ್ ಕೌಂಟರ್‌ನಲ್ಲಿ ಕೇಳಬೇಕಾದ ಮೂರು ಪ್ರಶ್ನೆ

ನಾಚಿಕೊಳ್ಳಬೇಡಿ, ಹಿಂದೆ ಕ್ಯೂ ಇದೆ ಅಂತ ಅವಸರ ಮಾಡಬೇಡಿ.

‘ಬ್ಯಾಗ್ ಎಲ್ಲಿವರೆಗೆ ಹೋಗುತ್ತದೆ?’ ಬಾಯಿಮಾತು ಕೇಳಿ, ಜೊತೆಗೆ ಸೂಟ್‌ಕೇಸಿಗೆ ಅಂಟಿಸಿದ ಪಟ್ಟಿಯನ್ನೂ ನೋಡಿ. ಕೊನೆಯ ಊರಿನ ಮೂರಕ್ಷರ ಅದರ ಮೇಲೆ ದೊಡ್ಡದಾಗಿ ಇರಬೇಕು. ಮ್ಯಾಂಚೆಸ್ಟರ್ ಆದರೆ ಎಂ ಎ ಎನ್. ಡಿ ಎಕ್ಸ್ ಬಿ ಮಾತ್ರ ಇದ್ದರೆ ಬ್ಯಾಗ್ ದುಬೈಯಲ್ಲೇ ಇಳಿಯುತ್ತದೆ. ನಿಮಗೆ ಕೊಡುವ ಚಿಕ್ಕ ಚೀಟಿಯ ಫೋಟೋ ತೆಗೆದಿಡಿ.

‘ಎರಡೂ ಬೋರ್ಡಿಂಗ್ ಪಾಸ್ ಕೊಡ್ತೀರಾ?’ ಎರಡನೆಯದು ಕೈಯಲ್ಲಿದ್ದರೆ ಮಧ್ಯದ ಏರ್‌ಪೋರ್ಟಿನಲ್ಲಿ ಕೌಂಟರ್ ಹುಡುಕುವ ಕೆಲಸ ತಪ್ಪುತ್ತದೆ. ಕೊಡಲು ಆಗುವುದಿಲ್ಲ ಅಂದರೆ ಎಲ್ಲಿ ತಗೊಳ್ಳಬೇಕು ಅಂತ ಬರೆಸಿಕೊಳ್ಳಿ.

‘ಇಮಿಗ್ರೇಷನ್ ಎಲ್ಲಿ?’ ದೆಹಲಿ ಅಥವಾ ಮುಂಬೈ ಮೇಲೆ ಹೋಗುವವರಿಗೆ ಈ ಪ್ರಶ್ನೆ. ಪಾಸ್‌ಪೋರ್ಟ್ ಮೇಲೆ ಮುದ್ರೆ ಒತ್ತುವುದು ಸಾಮಾನ್ಯವಾಗಿ ದೇಶ ಬಿಡುವ ಕೊನೆಯ ಊರಿನಲ್ಲಿ.

ಹಂತ 7: ಇಳಿದ ಕೂಡಲೇ

ವಿಮಾನದ ಬಾಗಿಲು ದಾಟಿದ ಮೇಲೆ ಮೊದಲ ತಪ್ಪು ಆಗುವುದು ಇಲ್ಲೇ. ಮುಂದೆ ಹೋಗುವ ಗುಂಪನ್ನು ಹಿಂಬಾಲಿಸಬೇಡಿ. ಅವರಲ್ಲಿ ಅರ್ಧ ಜನ ಅದೇ ಊರಿನಲ್ಲಿ ಇಳಿಯುವವರು. ‘ಅರೈವಲ್ಸ್’, ‘ಬ್ಯಾಗೇಜ್ ಕ್ಲೇಮ್’, ‘ಎಕ್ಸಿಟ್’ ಅಂತ ಬರೆದ ಫಲಕಗಳು ಹೊರಗೆ ಹೋಗುವವರಿಗೆ. ನಿಮ್ಮದು ‘ಟ್ರಾನ್ಸ್‌ಫರ್ಸ್’, ‘ಟ್ರಾನ್ಸಿಟ್’ ಅಥವಾ ‘ಕನೆಕ್ಷನ್ಸ್’. ಇಮಿಗ್ರೇಷನ್ ದಾಟಿಬಿಟ್ಟರೆ ವಾಪಸ್ ಬರುವುದು ಕಷ್ಟ.

ನಂತರ ಟಿವಿ ಪರದೆಯಲ್ಲಿ ನಿಮ್ಮ ಮುಂದಿನ ವಿಮಾನ ಹುಡುಕಿ. ಊರಿನ ಹೆಸರು ನೋಡಿ ಹುಡುಕಬೇಡಿ, ಒಂದೇ ಊರಿಗೆ ಹತ್ತು ನಿಮಿಷದ ಅಂತರದಲ್ಲಿ ಎರಡು ವಿಮಾನ ಇರುತ್ತವೆ. ವಿಮಾನದ ಸಂಖ್ಯೆ ನೋಡಿ. ಬೋರ್ಡಿಂಗ್ ಪಾಸ್ ಮೇಲೆ ಅಚ್ಚಾದ ಗೇಟ್ ಬದಲಾಗಿರಬಹುದು, ಪರದೆಯಲ್ಲಿ ಇರುವುದೇ ಸರಿ.

ಶೌಚಾಲಯ, ಕಾಫಿ, ಮನೆಗೆ ಫೋನ್ ಎಲ್ಲ ಎರಡನೆಯ ಗೇಟ್ ಕಣ್ಣಿಗೆ ಬಿದ್ದ ಮೇಲೆ.

ಹಂತ 8: ಟರ್ಮಿನಲ್ ಬದಲಿಸುವುದು

ಯಾವ ಏರ್‌ಪೋರ್ಟ್ ಅನ್ನುವುದರ ಮೇಲೆ ಇದು ಪೂರ್ತಿ ಬೇರೆಯಾಗುತ್ತದೆ. ನಮ್ಮವರು ಹೆಚ್ಚು ಹಾಯುವ ಕಡೆಗಳ ಬಗ್ಗೆ ಹೇಳುತ್ತೇನೆ.

ದುಬೈ: ಮೂರು ಟರ್ಮಿನಲ್. ಎಮಿರೇಟ್ಸ್ ವಿಮಾನಗಳು 3ರಲ್ಲಿ. ಬೆಂಗಳೂರಿನಿಂದ ಎಮಿರೇಟ್ಸ್‌ನಲ್ಲಿ ಹೋಗಿ ಮುಂದಕ್ಕೂ ಎಮಿರೇಟ್ಸ್ ಆದರೆ ಟರ್ಮಿನಲ್ ಬದಲಿಸುವ ಪ್ರಶ್ನೆಯೇ ಇಲ್ಲ. ಆದರೆ 3ಕ್ಕೆ ಸೇರಿದ ಗೇಟ್‌ಗಳು ಎ, ಬಿ, ಸಿ ಅಂತ ಮೂರು ವಿಭಾಗದಲ್ಲಿ ಹರಡಿವೆ, ಎ ವಿಭಾಗಕ್ಕೆ ಒಳಗಿನ ರೈಲಿನಲ್ಲಿ ಹೋಗಬೇಕು. ಡಿ ಗೇಟ್‌ಗಳು ಟರ್ಮಿನಲ್ 1ರವು. ನಿಜವಾದ ತೊಡಕು ಟರ್ಮಿನಲ್ 2. ಅದು ರನ್‌ವೇಯ ಆಚೆ ಬದಿಯಲ್ಲಿದೆ. ಫ್ಲೈದುಬೈ ವಿಮಾನಗಳು ಕೆಲವು 2ರಿಂದ, ಕೆಲವು 3ರಿಂದ ಹೊರಡುತ್ತವೆ. 2ಕ್ಕೆ ಹೋಗಲು ಒಳಭಾಗದಲ್ಲೇ ಬಸ್ ಇದೆ. ಬಸ್ಸಿಗೆ ಕಾಯುವುದು, ಸುತ್ತಿ ಹೋಗುವುದು, ಮತ್ತೆ ತಪಾಸಣೆ ಎಲ್ಲ ಸೇರಿ ಒಂದು ಗಂಟೆ ಇದಕ್ಕೇ ತೆಗೆದಿಡಿ.

ದೋಹಾ, ಅಬುಧಾಬಿ: ದೋಹಾದ ಹಮದ್ ಏರ್‌ಪೋರ್ಟಿನಲ್ಲಿ ಇರುವುದೇ ಒಂದು ಟರ್ಮಿನಲ್. ಅಬುಧಾಬಿಯಲ್ಲೂ 2023ರ ನವೆಂಬರ್‌ನಲ್ಲಿ ದೊಡ್ಡದಾದ ಟರ್ಮಿನಲ್ ಎ ಶುರುವಾಗಿದೆ. ಮೊದಲ ಸಲ ಒಬ್ಬರೇ ಹೋಗುವ ಹಿರಿಯರಿಗೆ ನಾನು ಹೇಳುವುದು ಇವೆರಡನ್ನು, ಇಲ್ಲವೇ ಎಮಿರೇಟ್ಸ್‌ನಲ್ಲಿ ದುಬೈ. ಟಿಕೆಟ್ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಸಿಂಗಾಪುರ: ಚಾಂಗಿಯಲ್ಲಿ ನಾಲ್ಕು ಟರ್ಮಿನಲ್. 1, 2, 3ರ ನಡುವೆ ಸ್ಕೈಟ್ರೇನ್ ಎಂಬ ಉಚಿತ ರೈಲು ಓಡುತ್ತದೆ. 4ಕ್ಕೆ ಮಾತ್ರ ಬಸ್. ಮೊದಲ ಮೂರರಲ್ಲಿ ಸೆಕ್ಯುರಿಟಿ ಚೆಕ್ ಇರುವುದು ಗೇಟ್ ಬಾಗಿಲಲ್ಲೇ. ಹಾಗಾಗಿ ಗೇಟ್ ಹತ್ತಿರ ಬೇಗ ಹೋಗಿ. ಅಂಗಡಿ ನೋಡುತ್ತಾ ಕೊನೆಯಲ್ಲಿ ಹೋದರೆ ಅಲ್ಲಿ ಕ್ಯೂ ಇರುತ್ತದೆ.

ಹೀಥ್ರೂ: ಈಗ ಇರುವುದು 2, 3, 4, 5. ಒಂದನೆಯದು 2015ರಲ್ಲಿ ಮುಚ್ಚಿತು. ನೇರಳೆ ಬಣ್ಣದ ‘ಫ್ಲೈಟ್ ಕನೆಕ್ಷನ್ಸ್’ ಫಲಕ ಹಿಡಿದು ನಡೆಯಿರಿ, ಬೇರೆ ಬಣ್ಣದ ಕಡೆ ನೋಡಲೇಬೇಡಿ. ಅದು ಉಚಿತ ಬಸ್ಸಿನ ಹತ್ತಿರ ಕರೆದುಕೊಂಡು ಹೋಗುತ್ತದೆ. ಬಸ್ ಇಳಿದ ಮೇಲೆ ಮತ್ತೆ ಸೆಕ್ಯುರಿಟಿ. ಟರ್ಮಿನಲ್ 5ರಲ್ಲಿ ಮುಖ್ಯ ಕಟ್ಟಡದ ಆಚೆ ಬಿ, ಸಿ ಅಂತ ಇನ್ನೆರಡು ಕಟ್ಟಡಗಳಿವೆ, ಅಲ್ಲಿಗೆ ನೆಲದಡಿಯ ರೈಲು. ಟರ್ಮಿನಲ್ ತಲುಪಿದೆ ಅಂತ ನಿರಾಳವಾಗಬೇಡಿ, ಗೇಟ್ ಇನ್ನೂ ದೂರ ಇರಬಹುದು. ಹೀಥ್ರೂವಿನಲ್ಲಿ ಟರ್ಮಿನಲ್ ಬದಲಾಗುವುದಿದ್ದರೆ ಒಂದೂವರೆ ಗಂಟೆಯ ಕನೆಕ್ಷನ್ ಯಾರು ಕೊಟ್ಟರೂ ತಗೊಳ್ಳಬೇಡಿ.

ಪ್ಯಾರಿಸ್: ಶಾರ್ಲ್ ದ ಗಾಲ್‌ನಲ್ಲಿ 1, 2, 3 ಅಂತ ಇದ್ದರೂ ‘2’ ಅನ್ನುವುದೇ 2ಎಯಿಂದ 2ಜಿವರೆಗೆ ಹರಡಿದೆ. 2ಇ ಒಳಗೆ ಮತ್ತೆ ಕೆ, ಎಲ್, ಎಂ ಎಂಬ ಗೇಟ್ ವಿಭಾಗ. ಟರ್ಮಿನಲ್ ಜೊತೆಗಿನ ಅಕ್ಷರ ಬರೆದಿಟ್ಟುಕೊಳ್ಳದೆ ಅಲ್ಲಿ ಇಳಿಯಬಾರದು.

ಫ್ರಾಂಕ್‌ಫರ್ಟ್: ಟರ್ಮಿನಲ್‌ಗಳ ನಡುವೆ ಸ್ಕೈಲೈನ್ ರೈಲು. ಜರ್ಮನಿಗೆ ಓದಲು ಹೋಗುವ ಮಕ್ಕಳು ಗಮನಿಸಿ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಬರ್ಲಿನ್‌ಗೋ ವಿಯೆನ್ನಾಗೋ ಹೋಗುವುದಾದರೆ ಪಾಸ್‌ಪೋರ್ಟ್ ತಪಾಸಣೆ ಫ್ರಾಂಕ್‌ಫರ್ಟ್‌ನಲ್ಲೇ ಮುಗಿಯುತ್ತದೆ. ಷೆಂಗೆನ್ ಎಂಬ ಒಪ್ಪಂದದ ದೇಶಗಳ ಗುಂಪಿಗೆ ಕಾಲಿಡುವ ಮೊದಲ ಊರಿನಲ್ಲಿ ತಪಾಸಣೆ, ಆಮೇಲೆ ಒಳಗಿನ ಓಡಾಟಕ್ಕೆ ಸಾಮಾನ್ಯವಾಗಿ ಇಲ್ಲ. ಆ ಕ್ಯೂ ಉದ್ದ ಇರುತ್ತದೆ. ಕಾಲೇಜಿನ ಪತ್ರ, ಉಳಿಯುವ ಜಾಗದ ಕಾಗದ ಸೂಟ್‌ಕೇಸಿನಲ್ಲಿ ಇಟ್ಟು ಬರಬೇಡಿ, ಅಲ್ಲಿ ಕೇಳಬಹುದು.

ಅಮೆರಿಕ: ಇಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್. ಬ್ಯಾಗ್ ಕೊನೆಯ ಊರಿಗೆ ಅಂತ ಪಟ್ಟಿ ಇದ್ದರೂ ಸಾಮಾನ್ಯವಾಗಿ ಅದನ್ನು ಬೆಲ್ಟ್ ಮೇಲಿಂದ ತೆಗೆದು, ಕಸ್ಟಮ್ಸ್ ದಾಟಿ, ಪಕ್ಕದಲ್ಲೇ ಇರುವ ಕನೆಕ್ಷನ್ ಕೌಂಟರ್‌ನಲ್ಲಿ ಮತ್ತೆ ಕೊಡಬೇಕು. ‘ಬ್ಯಾಗ್ ತಾನಾಗಿ ಹೋಗುತ್ತೆ’ ಅಂತ ನಡೆದುಬಿಟ್ಟವರ ಸೂಟ್‌ಕೇಸ್ ಅಲ್ಲೇ ಉಳಿಯುತ್ತದೆ. ನ್ಯೂಯಾರ್ಕ್‌ನ ಜೆಎಫ್‌ಕೆಯಲ್ಲಿ ಟರ್ಮಿನಲ್‌ಗಳ ನಡುವೆ ಏರ್‌ಟ್ರೇನ್ ಉಚಿತ.

ಹಂತ 9: ಗೇಟ್ ಹತ್ತಿರ

ಗೇಟ್ ಸಾಮಾನ್ಯವಾಗಿ ವಿಮಾನ ಹೊರಡುವ 15ರಿಂದ 20 ನಿಮಿಷ ಮುಂಚೆಯೇ ಮುಚ್ಚುತ್ತದೆ. ಟಿಕೆಟ್ ಮೇಲಿನ ಸಮಯ ಬಾಗಿಲು ಮುಚ್ಚುವ ಸಮಯ ಅಲ್ಲ. ಫೋನಿನ ಗಡಿಯಾರ ಆ ಊರಿನ ಸಮಯಕ್ಕೆ ಬದಲಾಗಿದೆಯಾ ಅಂತ ಗೋಡೆ ಗಡಿಯಾರ ನೋಡಿ ಹೋಲಿಸಿ. ನಿದ್ದೆ ಬಂದರೆ ಗೇಟ್ ಎದುರಿನ ಕುರ್ಚಿಯಲ್ಲೇ ಮಲಗಿ, ಅಲಾರಂ ಇಟ್ಟುಕೊಂಡು.

ಅಪ್ಪ, ಅಮ್ಮ ಒಬ್ಬರೇ ಬರುವಾಗ

ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇವರ ಬಗ್ಗೆಯೇ. ನೀವು ಮಾಡಬಹುದಾದ ಒಳ್ಳೆಯ ಕೆಲಸ ವೀಲ್‌ಚೇರ್ ನೆರವು ಕೇಳುವುದು. ಕನಿಷ್ಠ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ಹೇಳಿ. ‘ನಾನೇನು ನಡೆಯಲಾರದವಳಾ’ ಅಂತ ಅಮ್ಮ ಬೇಜಾರು ಮಾಡಿಕೊಳ್ಳಬಹುದು. ಏರ್‌ಪೋರ್ಟಿನಲ್ಲಿ ಒಂದೆರಡು ಕಿಲೋಮೀಟರ್ ನಡೆಯಬೇಕಾಗಬಹುದು, ದಾರಿ ತೋರಿಸಲು ಒಬ್ಬರು ಜೊತೆಗೆ ಇರುತ್ತಾರೆ ಅಂತ ಬಿಡಿಸಿ ಹೇಳಿ. ಇಳಿದ ಮೇಲೆ ವೀಲ್‌ಚೇರ್ ಬರುವವರೆಗೆ ವಿಮಾನದ ಬಾಗಿಲಲ್ಲೇ ನಿಲ್ಲಲು ಹೇಳಿ. ಕಾಯದೆ ನಡೆದುಬಿಟ್ಟರೆ ಆ ನೆರವು ತಪ್ಪಿಹೋಗುತ್ತದೆ.

ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದುಕೊಡಿ: ಹೆಸರು, ಎರಡನೆಯ ವಿಮಾನದ ಸಂಖ್ಯೆ, ಹೊರಡುವ ಸಮಯ, ನಿಮ್ಮ ಫೋನ್ ನಂಬರ್, ‘ದಯವಿಟ್ಟು ಈ ವಿಮಾನದ ಗೇಟ್ ತೋರಿಸಿ’ ಎಂಬ ಒಂದು ಸಾಲು. ಆ ಹಾಳೆ ಪಾಸ್‌ಪೋರ್ಟ್ ಒಳಗೇ ಇರಲಿ. ಗಲ್ಫ್ ಏರ್‌ಪೋರ್ಟುಗಳಲ್ಲಿ ಕೆಲಸ ಮಾಡುವವರಲ್ಲಿ ಮಲಯಾಳಿಗಳು ತುಂಬಾ. ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಎಷ್ಟೋ ಹಿರಿಯರಿಗೆ ಮಲಯಾಳ ಚೆನ್ನಾಗಿ ಬರುತ್ತದೆ. ಧೈರ್ಯವಾಗಿ ಮಾತಾಡಿಸಲು ಹೇಳಿ.

ಹಂತ 10: ವಿಮಾನ ತಪ್ಪುವ ಹಾಗಿದ್ದರೆ, ತಪ್ಪಿದರೆ

ಮೊದಲ ವಿಮಾನ ತಡವಾಗಿದ್ದರೆ ಇಳಿಯುವ ಮುಂಚೆಯೇ ವಿಮಾನದ ಸಿಬ್ಬಂದಿಗೆ ಹೇಳಿ. ಕೆಲವೊಮ್ಮೆ ಮುಂದೆ ಕೂರಿಸುತ್ತಾರೆ, ಇಳಿದ ಕಡೆ ಒಬ್ಬರು ಬೋರ್ಡ್ ಹಿಡಿದು ಕಾಯುತ್ತಾರೆ. ಸೆಕ್ಯುರಿಟಿ ಕ್ಯೂನಲ್ಲಿ ನಿಂತ ಸಿಬ್ಬಂದಿಗೆ ಬೋರ್ಡಿಂಗ್ ಪಾಸ್ ತೋರಿಸಿ ಕೇಳಿದರೆ ಮುಂದೆ ಬಿಡುವುದುಂಟು.

ತಪ್ಪಿಯೇ ಹೋದರೆ ಹೊರಗೆ ಹೋಗಬೇಡಿ, ಹೊಸ ಟಿಕೆಟ್ ಕೊಳ್ಳಬೇಡಿ. ನೇರ ‘ಟ್ರಾನ್ಸ್‌ಫರ್ ಡೆಸ್ಕ್’ಗೆ ಹೋಗಿ. ಒಂದೇ ಟಿಕೆಟ್ ಆಗಿದ್ದು ತಪ್ಪು ಅವರದ್ದಾದರೆ ಮುಂದಿನ ವಿಮಾನಕ್ಕೆ ಬದಲಿಸಿಕೊಡಬೇಕು. ರಾತ್ರಿ ಕಳೆಯಬೇಕಾದರೆ ಊಟ, ಹೋಟೆಲ್ ಕೇಳಿ. ಯುರೋಪಿನ ಒಕ್ಕೂಟದ ಏರ್‌ಪೋರ್ಟಿನಿಂದ ಹೊರಟಿದ್ದರೆ, ಅಥವಾ ಅಲ್ಲಿನ ವಿಮಾನ ಸಂಸ್ಥೆಯಲ್ಲಿ ಅಲ್ಲಿಗೆ ಹೋಗುತ್ತಿದ್ದರೆ, ಊಟ ವಸತಿ ಕೊಡುವುದು ಕಾನೂನಿನ ಪ್ರಕಾರ ಅವರ ಕರ್ತವ್ಯ. ಕೊನೆಯ ಊರಿಗೆ ಮೂರು ಗಂಟೆಗಿಂತ ತಡವಾಗಿ ತಲುಪಿದರೆ, ಕಾರಣ ನೋಡಿಕೊಂಡು, ಹಣದ ಪರಿಹಾರವೂ ಇದೆ. ಬೋರ್ಡಿಂಗ್ ಪಾಸ್ ಚೂರುಗಳನ್ನು ಎಸೆಯಬೇಡಿ.

ಹಂತ 11: ವಾಪಸ್ ಬರುವಾಗ

ಹೋಗುವಾಗ ಇದ್ದ ಎಚ್ಚರ ಬರುವಾಗ ಇರುವುದಿಲ್ಲ. ನಮ್ಮ ದೇಶದಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್, ಕಸ್ಟಮ್ಸ್. ದೆಹಲಿಯಲ್ಲಿ ಇಳಿದು ಬೆಂಗಳೂರಿಗೆ ಬರುವುದಾದರೆ ಸಾಮಾನ್ಯವಾಗಿ ದೆಹಲಿಯಲ್ಲೇ ಬ್ಯಾಗ್ ತೆಗೆದು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು. ದೆಹಲಿಯ ಟರ್ಮಿನಲ್ 1 ಮತ್ತು 3, ಮುಂಬೈಯ ಟರ್ಮಿನಲ್ 1 ಮತ್ತು 2 ಬೇರೆ ಬೇರೆ ಕಡೆ ಇವೆ, ನಡುವೆ ರಸ್ತೆ ಮೇಲೆ ಹೋಗಬೇಕು. ಮುಂಬೈಯ ಟ್ರಾಫಿಕ್‌ನಲ್ಲಿ ಎರಡು ಗಂಟೆಯ ಕನೆಕ್ಷನ್ ಸಾಲುವುದಿಲ್ಲ. ಸಾಧ್ಯವಾದರೆ ಹೊರದೇಶದಿಂದ ನೇರ ಬೆಂಗಳೂರಿಗೇ ಬರುವ ಟಿಕೆಟ್ ತಗೊಳ್ಳಿ.

ಬೆಲ್ಟ್ ಮೇಲೆ ಬ್ಯಾಗ್ ಬರದೇ ಹೋದರೆ ಆ ಹಾಲ್ ಬಿಟ್ಟು ಹೊರಗೆ ಬರುವ ಮುಂಚೆಯೇ ವಿಮಾನ ಸಂಸ್ಥೆಯ ಕೌಂಟರ್‌ನಲ್ಲಿ ‘ಪಿಐಆರ್’ ಎಂಬ ದೂರಿನ ಅರ್ಜಿ ಬರೆಸಿ, ನಂಬರ್ ಪಡೆಯಿರಿ. ವಿಳಾಸ ಕೊಡುವಾಗ ಎಸ್ಟೇಟ್ ಹೆಸರು, ಅಂಚೆ ಕಚೇರಿ, ಹತ್ತಿರದ ಪೇಟೆ, ಪಿನ್ ಕೋಡ್ ಎಲ್ಲ ಬರೆಯಿರಿ. ಬರೀ ‘ಕೂರ್ಗ್’ ಅಂತ ಬರೆದರೆ ಬ್ಯಾಗ್ ತರುವವರು ಮಡಿಕೇರಿಯಲ್ಲಿ ನಿಂತು ಫೋನ್ ಮಾಡುತ್ತಾರೆ. ನಿಮ್ಮಲ್ಲಿ ಸಿಗ್ನಲ್ ಇಲ್ಲದಿದ್ದರೆ ವಾಪಸ್ ಹೋಗುತ್ತಾರೆ. ಬ್ಯಾಗ್ ಒಡೆದು ಬಂದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಮನೆ ತಲುಪಿದ ಖುಷಿಯಲ್ಲಿ ಈ ಗಡುವು ದಾಟಿಹೋಗುತ್ತದೆ. ಆದ್ದರಿಂದ ಬೆಂಗಳೂರು ಬಿಡುವ ಮುಂಚೆ ಕಾರಿನಲ್ಲೇ ಕೂತು ಇಮೇಲ್ ಕಳಿಸಿಬಿಡಿ.